ಎರ್ಗ್‌ನಲ್ಲಿ ಬಂದ ವೇಗ ದೋಣಿಗೇಕೆ ಬರಲಿಲ್ಲ? ಶಾಲಾ ರೋಯಿಂಗ್‌ನ ಒಂದು ಪ್ರಕರಣ ಅಧ್ಯಯನ

ನ್ಯೂಜಿಲೆಂಡ್‌ನ ಹ್ಯಾಮಿಲ್ಟನ್ನಿನ ಒಂದು ಪ್ರೌಢಶಾಲೆ. ಹದಿನೇಳು ವರ್ಷದೊಳಗಿನ ಹುಡುಗಿಯರ ದೋಣಿ. ಹುಟ್ಟು ಹಾಕುವವರು ನಾಲ್ವರು, ದಾರಿ ಹಿಡಿಸುವ ಕಾಕ್ಸ್ ಒಬ್ಬಳು. ಎರಡನೇ ಸೀಟಿನಲ್ಲಿ ಕನ್ನಡ ಮನೆಯ ಹುಡುಗಿ: ವಯಸ್ಸು 16, ಎತ್ತರ 166 ಸೆಂ.ಮೀ., ತೂಕ 58 ಕೆ.ಜಿ. ಸೆಪ್ಟೆಂಬರ್‌ನಲ್ಲಿ ಎರ್ಗ್, ಅಂದರೆ ನೆಲದ ಮೇಲೇ ಹುಟ್ಟು ಹಾಕುವ ಯಂತ್ರದ ಮೇಲೆ 2000 ಮೀಟರಿಗೆ ಅವಳಿಗೆ ಸರಿಯಾಗಿ 8 ನಿಮಿಷ ಹಿಡಿದಿತ್ತು. ಡಿಸೆಂಬರ್ ಮೊದಲ ವಾರಕ್ಕೆ ಅದು 7 ನಿಮಿಷ 40 ಸೆಕೆಂಡಿಗೆ ಇಳಿಯಿತು. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಹೆಸರು ಮೇಲಕ್ಕೇರಿತು. ದೋಣಿ ಮಾತ್ರ ಇದ್ದಲ್ಲೇ ಇತ್ತು. ಜನವರಿಯಲ್ಲಿ ಪಕ್ಕೆಲುಬೂ ಕೈಕೊಟ್ಟಿತು.

ಇದು ಯಾರೋ ಒಬ್ಬಳ ನಿಜಕಥೆಯಲ್ಲ. ಶಾಲಾ ತಂಡಗಳಲ್ಲಿ ಪದೇ ಪದೇ ಕಾಣುವ ದೋಷಗಳನ್ನು ಒಂದೇ ದೋಣಿಯಲ್ಲಿ ಕೂರಿಸಿ ಕಟ್ಟಿದ ಮಾದರಿ ಪ್ರಕರಣ. ಸಮಯ, ಅಳತೆಗಳು ಉದಾಹರಣೆಗೆ ಇಟ್ಟವು. ಅವುಗಳ ಹಿಂದಿನ ಲೆಕ್ಕ, ಕಾರಣ, ಪರಿಹಾರ ಯಾವ ಶಾಲೆಯ ದೋಣಿಗಾದರೂ ಅನ್ವಯಿಸುತ್ತವೆ.

ಪಂದ್ಯ, ದೋಣಿ

ನ್ಯೂಜಿಲೆಂಡ್‌ನ ಶಾಲೆಗಳಲ್ಲಿ ವರ್ಷದ ತಯಾರಿಯೆಲ್ಲ ಮಾರ್ಚ್ ಕೊನೆಯ ಒಂದು ವಾರಕ್ಕೆ, ಅಂದರೆ 'ಮಾಡಿ' ರೆಗಾಟಕ್ಕೆ (ದೋಣಿ ಪಂದ್ಯಗಳ ಕೂಟ). ಮಾಡಿ ಎನ್ನುವುದು ಕೈರೋ ಪಕ್ಕದ ಊರು. ಎರಡನೇ ಮಹಾಯುದ್ಧದ ಹೊತ್ತಿಗೆ ನ್ಯೂಜಿಲೆಂಡ್ ಸೇನೆಯ ಶಿಬಿರ ಅಲ್ಲಿತ್ತು. ಸೈನಿಕರ ನೈಲ್ ನದಿಯ ಪಂದ್ಯಗಳ ನೆನಪಿಗೆ ಬಂದ ಕಪ್ಪಿಗಾಗಿ 1947ರಿಂದ ಶಾಲೆಗಳು ಸೆಣಸುತ್ತಿವೆ. ಈಗ ಆ ಕಪ್ 18 ವರ್ಷದೊಳಗಿನ ಹುಡುಗರ ಎಂಟು ಹುಟ್ಟಿನ ದೋಣಿಗೆ ಸಲ್ಲುತ್ತದೆ. ಅದೇ ವಯಸ್ಸಿನ ಹುಡುಗಿಯರ ಎಂಟಕ್ಕೆ ಲೆವಿನ್ ಜುಬಿಲಿ ಕಪ್. ರೆಗಾಟ ಉತ್ತರ ದ್ವೀಪದ ಕರಾಪಿರೊ ಸರೋವರ, ದಕ್ಷಿಣ ದ್ವೀಪದ ಟ್ವೈಜಲ್ ಊರಿನ ರುಆಟನಿಫಾ ಸರೋವರ, ಈ ಎರಡರ ನಡುವೆ ಸರದಿಯಲ್ಲಿ ನಡೆಯುತ್ತದೆ. ಕರಾಪಿರೊ ವೈಕಾಟೋ ನದಿಗೆ ಕಟ್ಟಿದ ಜಲವಿದ್ಯುತ್ ಅಣೆಕಟ್ಟೆಯ ಹಿನ್ನೀರು. 1978 ಮತ್ತು 2010ರ ವಿಶ್ವ ಚಾಂಪಿಯನ್‌ಷಿಪ್‌ಗಳು ನಡೆದದ್ದು ಅಲ್ಲೇ. ನಮ್ಮ ಪ್ರಕರಣದ ವರ್ಷ ಸರದಿ ಟ್ವೈಜಲ್‌ನದು.

ಬೆಂಗಳೂರಿನ ಹಲಸೂರು ಕೆರೆಯಲ್ಲಿ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೈನಿಕರು ಅಭ್ಯಾಸ ಮಾಡುವುದನ್ನು ಕಂಡವರಿಗೆ ಈ ದೋಣಿ ಹೊಸದಲ್ಲ. ಒಬ್ಬೊಬ್ಬರಿಗೆ ಎರಡೆರಡು ಹುಟ್ಟು, ಹಳಿಯ ಮೇಲೆ ಜಾರುವ ಸೀಟು, ಓರೆಯಾಗಿ ನಿಲ್ಲಿಸಿದ ಕಾಲುಹಲಗೆಗೆ ಬಿಗಿದ ಶೂ. ಕೂತವರ ಮುಖ ಹಿಂದಕ್ಕೆ, ದೋಣಿ ಓಡುವುದು ಬೆನ್ನಿನ ಕಡೆಗೆ. ಸೀಟಿನ ಎಣಿಕೆ ಮೂತಿಯ ಕಡೆಯಿಂದ: ಒಂದನೆಯವಳು ಬೋ, ನಾಲ್ಕನೆಯವಳು ಲಯ ಕೊಡುವ ಸ್ಟ್ರೋಕ್. ಈ ದೋಣಿಯಲ್ಲಿ ಕಾಕ್ಸ್ ಮೂತಿಯ ಗೂಡಿನೊಳಗೆ ಅಂಗಾತ ಮಲಗಿ ಮುಂದಿನ ನೀರನ್ನಷ್ಟೇ ನೋಡುತ್ತಾಳೆ. ಮುಂದೆ ಬರುವ ಅರ್ಧ ತೊಂದರೆಗೆ ಇದೇ ಕಾರಣ. ಯಾರ ಹುಟ್ಟಿನ ಅಲಗು ಯಾವಾಗ ನೀರಿಗಿಳಿಯಿತು ಎಂಬುದು ಅವಳ ಕಣ್ಣಿಗೆ ಬೀಳುವುದೇ ಇಲ್ಲ. ಅವಳ ಕೈಯಲ್ಲಿರುವುದು ನಿಮಿಷಕ್ಕೆ ಎಷ್ಟು ಹುಟ್ಟು ಎಂದು ತೋರಿಸುವ ಪುಟ್ಟ ಮೀಟರ್ ಮಾತ್ರ.

ವಾರದ ದಿನಚರಿ ಅಷ್ಟೇನೂ ವಿಶೇಷವಲ್ಲ. ಮಂಗಳವಾರ, ಗುರುವಾರ ಬೆಳಿಗ್ಗೆ 5:45ಕ್ಕೆ ನದಿಯಲ್ಲಿ 12 ಕಿ.ಮೀ.; ಬುಧವಾರ ಶಾಲೆ ಮುಗಿದ ಮೇಲೆ ಎರ್ಗ್, 15 ನಿಮಿಷದ ಮೂರು ಕಂತು; ಸೋಮವಾರ ತೂಕ ಎತ್ತುವುದು; ಶನಿವಾರ, ಭಾನುವಾರ ಕರಾಪಿರೊದಲ್ಲಿ ತಲಾ 14ರಿಂದ 16 ಕಿ.ಮೀ. ಶುಕ್ರವಾರ ರಜೆ. ಹೆಚ್ಚಿನ ದೂರವೆಲ್ಲ ನಿಮಿಷಕ್ಕೆ 18ರಿಂದ 20 ಹುಟ್ಟಿನ ನಿಧಾನ ಲಯದಲ್ಲಿ, ಪಕ್ಕದವಳ ಜೊತೆ ಮಾತಾಡಬಹುದಾದಷ್ಟು ಉಸಿರಿನಲ್ಲಿ. ಏಳೂವರೆ ನಿಮಿಷದ ಪಂದ್ಯಕ್ಕೆ ಇಷ್ಟು ನಿಧಾನದ ಅಭ್ಯಾಸ ಯಾಕೆ ಎಂದು ಹೊಸ ಪಾಲಕರು ಕೇಳುವುದುಂಟು. 2000 ಮೀಟರಿಗೆ ಬೇಕಾದ ಶಕ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಆಮ್ಲಜನಕ ಬಳಸಿ ಹುಟ್ಟುವಂಥದ್ದು. ಆ ಬುನಾದಿ ಬೆಳೆಯುವುದು ಇಂಥ ದೀರ್ಘ ಕಂತುಗಳಲ್ಲೇ.

ಡಿಸೆಂಬರ್‌ನ ಅಂಕಿ

ಮೊದಲು ಎರ್ಗ್‌ನ ಲೆಕ್ಕ. 2000 ಮೀಟರಿಗೆ 8:00 ಎಂದರೆ 500 ಮೀಟರಿಗೆ 2:00, ಸುಮಾರು 202 ವಾಟ್. 7:40 ಎಂದರೆ 500ಕ್ಕೆ 1:55, ಸುಮಾರು 230 ವಾಟ್. ಸಮಯದಲ್ಲಿ ಶೇ. 4ರಷ್ಟು ಉಳಿಸಲು ಶಕ್ತಿಯಲ್ಲಿ ಶೇ. 14ರಷ್ಟು ಹೆಚ್ಚು ಸುರಿಯಬೇಕಾಯಿತು. ವೇಗಕ್ಕೆ ತಕ್ಕ ಶಕ್ತಿ ಘನದ ಲೆಕ್ಕದಲ್ಲಿ ಏರುತ್ತದೆ. ಮೂರು ತಿಂಗಳಲ್ಲಿ ಇದು ದೊಡ್ಡ ಏರಿಕೆಯೇ. ಉಳಿದ ಮೂವರೂ ಹೆಚ್ಚುಕಡಿಮೆ ಇಷ್ಟೇ ಏರಿದ್ದರು.

ಈಗ ದೋಣಿ. ಗಾಳಿಯಿಲ್ಲದ ಬೆಳಿಗ್ಗೆ ಕರಾಪಿರೊದಲ್ಲಿ 500 ಮೀಟರಿನ ಎರಡು ಓಟ ಅಳೆದರು. ನದಿಯಲ್ಲಿ ಅಳೆದರೆ ಹರಿವು ಸೇರಿಕೊಂಡು ಅಂಕಿ ಕೆಡುತ್ತದೆ. ಅಳೆಯಲೇಬೇಕಿದ್ದರೆ ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯಬೇಕು. ನಿಮಿಷಕ್ಕೆ 28 ಹುಟ್ಟಿನಲ್ಲಿ 2:00 ಬಂತು: 56 ಹುಟ್ಟು, ಒಂದೊಂದಕ್ಕೆ 8.9 ಮೀಟರ್. ನಿಮಿಷಕ್ಕೆ 34ರಲ್ಲಿ 1:57: 66 ಹುಟ್ಟು, ಒಂದೊಂದಕ್ಕೆ 7.5 ಮೀಟರ್. ಹತ್ತು ಹುಟ್ಟು ಹೆಚ್ಚು ಹಾಕಿ ಗಳಿಸಿದ್ದು ಮೂರೇ ಸೆಕೆಂಡ್. ಲಯ ಏರಿದಾಗ ಪ್ರತಿ ಹುಟ್ಟಿನ ದೂರ ಒಂದಿಷ್ಟು ಕುಗ್ಗುವುದು ಸಹಜ, ನೀರಿನ ತಡೆಯೂ ಜೊತೆಗೇ ಏರುತ್ತದಲ್ಲ. ಒಂದೂವರೆ ಮೀಟರ್ ಹತ್ತಿರ ಕುಗ್ಗಿದೆ ಎಂದರೆ ಶಕ್ತಿ ಎಲ್ಲೋ ಸೋರುತ್ತಿದೆ.

ಅದೇ ತಿಂಗಳ ರೆಗಾಟದಲ್ಲಿ ಸಾಕ್ಷಿ ಸಿಕ್ಕಿತು. 1200 ಮೀಟರ್ ಗುರುತಿನ ಬಳಿ ಎರಡನೇ ಸೀಟಿನವಳಿಗೆ 'ಕ್ರ್ಯಾಬ್' ಆಯಿತು. ನೀರಿನಿಂದ ಹೊರಬರುವ ಮೊದಲೇ ಅಲಗು ಮಗುಚಿದರೆ ನೀರು ಅದನ್ನು ಹಿಡಿದು ಕೆಳಕ್ಕೆಳೆಯುತ್ತದೆ, ಹಿಡಿ ಎದೆಗೆ ಬಂದು ಬಡಿಯುತ್ತದೆ. ಆಗ ಎಳೆದಾಡಬಾರದು. ಹಿಂದಕ್ಕೆ ಬಾಗಿ ಹಿಡಿಯನ್ನು ತಲೆಯ ಮೇಲಿಂದ ಹೋಗಲು ಬಿಟ್ಟು, ದೋಣಿಯ ವೇಗ ಇಳಿದೊಡನೆ ಮತ್ತೆ ಹಿಡಿಯಬೇಕು. ಅವಳು ಮಾಡಿದ್ದೂ ಅದನ್ನೇ. ಮೂರ್ನಾಲ್ಕು ಹುಟ್ಟಿನ ಹೊತ್ತು ಹೋಯಿತು. ದೋಣಿ 7:52ಕ್ಕೆ ಮುಟ್ಟಿತು, ಗೆದ್ದವರು 7:21ಕ್ಕೆ. ಅಂತರ ಶೇ. 7. ಬೇರೆ ಬೇರೆ ದಿನದ ಸಮಯಗಳನ್ನು ನೇರವಾಗಿ ಹೋಲಿಸುವುದರಲ್ಲಿ ಅರ್ಥವಿಲ್ಲ, ಗಾಳಿಯೊಂದೇ ಅರ್ಧ ನಿಮಿಷ ಆಚೀಚೆ ಮಾಡಬಲ್ಲದು. ಗೆದ್ದವರಿಗಿಂತ ಶೇಕಡಾ ಎಷ್ಟು ಹಿಂದೆ ಎಂಬುದೇ ನಂಬಬಹುದಾದ ಅಳತೆ.

ಕ್ರ್ಯಾಬ್ ಆದದ್ದು ಗಮನ ತಪ್ಪಿದ್ದರಿಂದ ಎಂದು ಎಲ್ಲರೂ ಅಲ್ಲಿಗೇ ಬಿಟ್ಟರು. ತಪ್ಪಿದ್ದು ಅಲ್ಲೇ. ಒಂದೇ ಹುಡುಗಿಗೆ, ಒಂದೇ ಬದಿಯಲ್ಲಿ, ಲಯ ಏರಿದಾಗಲೇ ಕ್ರ್ಯಾಬ್ ಆಗುತ್ತಿದ್ದರೆ ಮೊದಲು ನೋಡಬೇಕಾದದ್ದು ಅವಳ ಗಮನವನ್ನಲ್ಲ, ಅವಳ ಗೇಟನ್ನು, ಅಂದರೆ ಹುಟ್ಟನ್ನು ಹಿಡಿದಿಡುವ ಕೊಂಡಿಯನ್ನು.

ರಜೆ, ಪಕ್ಕೆಲುಬು

ಕ್ರಿಸ್‌ಮಸ್‌ಗೆ ಎರಡೂವರೆ ವಾರ ರಜೆ. ಫೆಬ್ರವರಿಯಲ್ಲಿ ಸೀಟಿನ ಆಯ್ಕೆ. ಹಾಗಾಗಿ ಮನೆಯ ಗ್ಯಾರೇಜಿಗೊಂದು ಎರ್ಗ್ ಬಾಡಿಗೆಗೆ ಬಂತು. ವಾರಕ್ಕೆ ಒಂದು ಬಾರಿ ಇದ್ದ ಎರ್ಗ್ ಆರು ಬಾರಿ ಆಯಿತು. ಯಂತ್ರದ ಚಕ್ರಕ್ಕೆ ಗಾಳಿ ಬಿಡುವ ಡ್ಯಾಂಪರ್ ಸನ್ನೆಯನ್ನು ಮೇಲಕ್ಕೆ ಎಳೆದಿದ್ದರಿಂದ ಎಳೆತದ ತಡೆ ಅಳೆಯುವ ಡ್ರ್ಯಾಗ್ ಫ್ಯಾಕ್ಟರ್ 140 ತೋರಿಸುತ್ತಿತ್ತು. ಈ ಮೈಕಟ್ಟಿನ ಹುಡುಗಿಗೆ 105ರಿಂದ 115 ಸಾಕು. ಡ್ಯಾಂಪರ್ ಏರಿಸಿದರೆ ಕಸರತ್ತು ಗಟ್ಟಿ ಅನ್ನಿಸುವುದು ನಿಜ, ಆದರೆ ಪ್ರತಿ ಎಳೆತದ ಮೊದಲ ಹೊಡೆತವನ್ನು ಬೆನ್ನು, ಪಕ್ಕೆಲುಬುಗಳೇ ಹೊರಬೇಕಾಗುತ್ತದೆ.

ಎರ್ಗ್‌ಗೆ ಇನ್ನೊಂದು ಗುಣವಿದೆ, ಅದನ್ನು ಪಟ್ಟಿ ಅಂಟಿಸುವವರು ಮರೆಯುತ್ತಾರೆ. ನೆಲದ ಮೇಲೆ ಕೂತ ಯಂತ್ರ ಅಲ್ಲಾಡುವುದಿಲ್ಲ, ಹಿಂದೆ ಮುಂದೆ ಹೋಗುವುದು ಮೈ ಮಾತ್ರ. ನೀರಿನ ಮೇಲೆ ಹಾಗಲ್ಲ. ನಾಲ್ವರ ಮೈತೂಕ 250 ಕೆ.ಜಿ. ಸಮೀಪ, ದೋಣಿ 55 ಕೆ.ಜಿ. ಆಸುಪಾಸು. ಕಾಲು ಮಡಿಸಿ ಮುಂದಿನ ಹುಟ್ಟಿಗೆ ಜಾರಿ ಬರುವಾಗ ನಿಜವಾಗಿ ಜಾರುವುದು ಕೆಳಗಿನ ದೋಣಿ. ರಭಸದಿಂದ ಬಂದು ಕಾಲುಹಲಗೆಗೆ ಗುದ್ದಿದರೆ ದೋಣಿಗೆ ಹಿಮ್ಮುಖವಾಗಿ ಒದ್ದಂತೆ. ಎರ್ಗ್‌ನಲ್ಲಿ ಎಷ್ಟೇ ರಭಸವಾಗಿ ಬಂದರೂ ಪರದೆಯ ಮೇಲಿನ ಅಂಕಿ ಕೆಡುವುದಿಲ್ಲ. ಆ ಎರಡೂವರೆ ವಾರ ಅವಳು ಕಲಿತದ್ದು ಶಕ್ತಿಯನ್ನೂ ಹೌದು, ಗುದ್ದುವುದನ್ನೂ ಹೌದು.

ಜನವರಿ ಮೊದಲ ವಾರದಿಂದ ಕರಾಪಿರೊದಲ್ಲಿ ಹತ್ತು ದಿನದ ಶಿಬಿರ, ದಿನಕ್ಕೆ ಎರಡು ಬಾರಿ ನೀರಿಗೆ. ನಾಲ್ಕನೇ ದಿನ ಬಲ ಪಕ್ಕೆಯಲ್ಲಿ ನೋವು. ಸೀಟು ಹೋದೀತೆಂಬ ಭಯಕ್ಕೆ ಮುಚ್ಚಿಟ್ಟಳು. ಎಂಟನೇ ದಿನ ರಾತ್ರಿ ಮನೆಗೆ ಫೋನ್:

"ಅಮ್ಮಾ, ಪಕ್ಕೆ ನೋಯ್ತಿದೆ. ಮಗ್ಗುಲು ಬದಲಾಯ್ಸೋಕೂ ಆಗ್ತಿಲ್ಲ."

"ಕೆಮ್ಮಿದ್ರೆ ನೋಯುತ್ತೇನೇ?"

"ಹೂಂ, ಸೀನಿದ್ರೆ ಇನ್ನೂ ಜೋರು."

ಆ ಪ್ರಶ್ನೆ ಸರಿಯಾದದ್ದೇ ಆಗಿತ್ತು. ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸಬಹುದಾದ ನೋವು, ಆಳವಾಗಿ ಉಸಿರೆಳೆದಾಗ, ಕೆಮ್ಮಿದಾಗ, ಹಾಸಿಗೆಯಲ್ಲಿ ಹೊರಳಿದಾಗ ಚುಚ್ಚಿದರೆ ಅದು ಬರೀ ಸ್ನಾಯು ಹಿಡಿದದ್ದಲ್ಲ, ಪಕ್ಕೆಲುಬಿನ ಒತ್ತಡದ ಗಾಯವಿರಬಹುದು ಎಂದೇ ಹಿಡಿದುಕೊಂಡು ನಡೆಯಬೇಕು. ಶುರುವಿನಲ್ಲಿ ಎಕ್ಸ್-ರೇ ತೆಗೆದರೆ ಏನೂ ಕಾಣದಿರುವುದೇ ಹೆಚ್ಚು. 'ಎಕ್ಸ್-ರೇ ಚೆನ್ನಾಗಿದೆ' ಎಂದು ಮತ್ತೆ ದೋಣಿ ಹತ್ತಿಸಿದರೆ ಬಿರುಕು ಪೂರ್ತಿ ಮುರಿತವಾಗಬಹುದು. ನಾಲ್ಕನೇ ದಿನವೇ ನಿಲ್ಲಿಸಿದ್ದರೆ ಬಹುಶಃ ಎರಡು ವಾರದಲ್ಲಿ ಮುಗಿಯುತ್ತಿತ್ತು. ಮುಚ್ಚಿಟ್ಟ ನಾಲ್ಕು ದಿನ ಆರು ವಾರ ತಿಂದವು.

ವೈದ್ಯರು ಕೇಳಿದ ಎರಡನೇ ಪ್ರಶ್ನೆ ಮುಟ್ಟಿನದು. ಎರಡು ತಿಂಗಳಿಂದ ಆಗಿರಲಿಲ್ಲ. ಹದಿಹರೆಯದ ಆಟಗಾರ್ತಿಯಲ್ಲಿ ಇದನ್ನು 'ಅಭ್ಯಾಸ ಜಾಸ್ತಿಯಾಯ್ತು, ಇರಲಿ' ಎಂದು ತಳ್ಳಿಹಾಕುವಂತಿಲ್ಲ. ಖರ್ಚಾಗುವಷ್ಟು ಶಕ್ತಿ ಊಟದಿಂದ ಬರದಿದ್ದರೆ ದೇಹ ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಅದೂ ಒಂದು; ಮೂಳೆ ಸವೆಯುವುದು ಅದರ ಬೆನ್ನಿಗೇ. ರಕ್ತ ಪರೀಕ್ಷೆಯಲ್ಲಿ ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಕಡಿಮೆ, ವಿಟಮಿನ್ ಡಿ ಸಹ ಕಡಿಮೆ. ದಕ್ಷಿಣ ಏಷ್ಯಾದ ಮೈಬಣ್ಣದವರಿಗೆ ನ್ಯೂಜಿಲೆಂಡ್‌ನ ಚಳಿಗಾಲದ ಬಿಸಿಲು ಸಾಲದೇ ಹೋಗುವುದುಂಟು.

ಊಟದ ಲೆಕ್ಕ ಬರೆದಿಟ್ಟಾಗ ತೂತು ಎಲ್ಲಿ ಎಂದು ತಿಳಿಯಿತು. ಸಸ್ಯಾಹಾರಿ ಮನೆ. ರಾತ್ರಿ ಊಟ ಧಾರಾಳ: ಅನ್ನ, ಸಾರು, ಪಲ್ಯ, ಮೊಸರು. ಆದರೆ ಬೆಳಿಗ್ಗೆ 5 ಗಂಟೆಗೆ ಖಾಲಿ ಹೊಟ್ಟೆಯಲ್ಲಿ ಹೊರಟು, 12 ಕಿ.ಮೀ. ಮುಗಿಸಿ, ನೇರ ತರಗತಿಗೆ ಹೋಗಿ, ಮೊದಲ ತುತ್ತು 10:30ಕ್ಕೆ. ಇಂಥ ದಿನಗಳಲ್ಲಿ ಮೈತೂಕದ ಕೆ.ಜಿ.ಗೆ 6 ಗ್ರಾಂ ಹಿಡಿದರೂ ಅವಳಿಗೆ ಸುಮಾರು 350 ಗ್ರಾಂ ಕಾರ್ಬೋಹೈಡ್ರೇಟ್, 80ರಿಂದ 90 ಗ್ರಾಂ ಪ್ರೋಟೀನ್ ಬೇಕು. ಎರಡನೆಯದು ಸಾರು, ಮೊಸರಿನಲ್ಲೇ ಬಂದುಬಿಡುತ್ತದೆ ಎನ್ನುವುದು ಭ್ರಮೆ. ನೀರಾದ ಸಾರಿನಲ್ಲಿ ಬೇಳೆ ಎಷ್ಟಿರುತ್ತದೆ ಎಂದು ಅಳೆದು ನೋಡಿದವರಿಗೆ ಗೊತ್ತು.

ಬದಲಾವಣೆ ಸಣ್ಣದು. ಹೊರಡುವ ಮುನ್ನ ಬಾಳೆಹಣ್ಣು, ಒಂದು ಲೋಟ ಹಾಲು. ನೀರಿನಿಂದ ಬಂದ ಅರ್ಧ ಗಂಟೆಯೊಳಗೆ ಡಬ್ಬಿಯಲ್ಲಿ ಕಡಲೆಬೀಜ ಹಾಕಿದ ಒಗ್ಗರಣೆ ಅವಲಕ್ಕಿ, ಮೇಲೆ ನಿಂಬೆಹಣ್ಣಿನ ರಸ. ಹುಳಿ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದ ಜೊತೆಗಿನ ಚಹಾ ಅದಕ್ಕೆ ಅಡ್ಡಿ, ಹಾಗಾಗಿ ಅದು ಎರಡು ಗಂಟೆ ಆಚೆಗೆ ಹೋಯಿತು. ಮಧ್ಯಾಹ್ನಕ್ಕೆ ಪನೀರ್ ಅಥವಾ ರಾಜ್ಮಾ. ಸಂಜೆ ರಾಗಿ ಅಂಬಲಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ, ಮೂಳೆಗೆ ಪೆಟ್ಟು ಬಿದ್ದವಳಿಗೆ ಅದನ್ನು ಬಿಟ್ಟು ಅಂಗಡಿಯ ಪುಡಿ ಹುಡುಕುವ ಅಗತ್ಯವಿಲ್ಲ. ಕಬ್ಬಿಣದ ಮಾತ್ರೆ ಮಾತ್ರ ವೈದ್ಯರು ಬರೆದಷ್ಟೇ.

ದೋಣಿಯನ್ನು ಅಳೆದಾಗ

ಅವಳು ಹೊರಗಿದ್ದ ವಾರಗಳಲ್ಲಿ ತಂಡ ಮಾಡಿದ ಅತ್ಯಂತ ಉಪಯೋಗದ ಕೆಲಸ ದೋಣಿಯನ್ನು ಟ್ರೆಸಲ್ ಎಂಬ ಆಸರೆಯ ಮೇಲಿಟ್ಟು ಅಳೆದದ್ದು. ಬೇಕಾದದ್ದು ಟೇಪು, ರಸಮಟ್ಟ, ನೇರ ಕಟ್ಟಿಗೆಪಟ್ಟಿ, 10 ಮತ್ತು 13ರ ಸ್ಪ್ಯಾನರ್, ಅಲಗಿನ ಓರೆ ಅಳೆಯುವ ಪಿಚ್ ಮೀಟರ್. ಮೊದಲು ದೋಣಿಯನ್ನು ಉದ್ದಕ್ಕೂ ಅಡ್ಡಕ್ಕೂ ಮಟ್ಟ ಮಾಡಬೇಕು. ಇದನ್ನು ಬಿಟ್ಟು ತೆಗೆದ ಅಳತೆಗಳೆಲ್ಲ ವ್ಯರ್ಥ.

ಸ್ಪ್ಯಾನ್, ಅಂದರೆ ಗೇಟು ತಿರುಗುವ ಒಂದು ಪಿನ್ನಿನಿಂದ ಇನ್ನೊಂದು ಬದಿಯ ಪಿನ್ನಿಗೆ, ಎಲ್ಲ ಸೀಟಿಗೂ 159 ಸೆಂ.ಮೀ. ಎಂದು ಹಾಳೆಯಲ್ಲಿತ್ತು. ಎರಡನೇ ಸೀಟಿನಲ್ಲಿ ನಡುವಿನಿಂದ ಎಡಕ್ಕೆ 79.5, ಬಲಕ್ಕೆ 80.2. ಟ್ರೇಲರ್‌ನಿಂದ ಇಳಿಸಿದ ಮೇಲೆ ರಿಗರ್, ಅಂದರೆ ಗೇಟನ್ನು ಹೊತ್ತ ಚಾಚುತೋಳು, ಬಿಗಿಯುವಾಗ ಸರಿಯಾಗಿ ಕೂತಿರಲಿಲ್ಲ. ಇದು ಚಿಕ್ಕ ದೋಷ.

ದೊಡ್ಡದು ಗೇಟಿನ ಒಳಗಿತ್ತು. ಗೇಟಿನ ಬುಷ್‌ಗಳ (ಪಿನ್ನಿಗೆ ಕೂರಿಸುವ ಪ್ಲಾಸ್ಟಿಕ್ ತುಂಡು) ಎರಡು ತುದಿಗೆ ಎರಡು ಅಂಕಿ ಬರೆದಿರುತ್ತದೆ: 4-4, 3-5, 2-6, 1-7. ಯಾವ ತುದಿ ಮೇಲೆ ಬರುತ್ತದೋ ಅದರ ಮೇಲೆ ಅಲಗಿನ ಓರೆ, ಅಂದರೆ ಪಿಚ್, ನಿಂತಿದೆ. ಸಾಮಾನ್ಯವಾಗಿ 4 ಡಿಗ್ರಿ ಇಡುತ್ತಾರೆ. ಅವಳ ಎರಡೂ ಗೇಟಿಗೆ 3-5 ಬುಷ್ ಹಾಕಿದ್ದರು, ಅದೂ ಒಂದು ಬದಿಯದು ತಲೆಕೆಳಗು. ಒಂದು ಅಲಗಿಗೆ 3 ಡಿಗ್ರಿ, ಇನ್ನೊಂದಕ್ಕೆ 5. ಪಿಚ್ ಕಡಿಮೆಯಾದ ಅಲಗು ಆಳಕ್ಕೆ ಇಳಿಯುತ್ತದೆ, ಹೆಚ್ಚಾದದ್ದು ಮೇಲಕ್ಕೆ ತೇಲಿ ಎಳೆತದ ಕೊನೆ, ಅಂದರೆ ಫಿನಿಷ್‌ಗೆ ಮುಂಚೆಯೇ ನೀರು ಬಿಡುತ್ತದೆ. ಕ್ರ್ಯಾಬ್ ಒಂದೇ ಬದಿಗೆ ಆಗುತ್ತಿದ್ದ ಗುಟ್ಟು ಇಲ್ಲಿತ್ತು: ಆಳಕ್ಕೆ ಹೋದ ಅಲಗು ಹೊರಬರಲು ತಡವಾಗುತ್ತಿತ್ತು, ಕೈ ಮಾತ್ರ ಲಯಕ್ಕೆ ಸರಿಯಾಗಿ ಮಗುಚುತ್ತಿತ್ತು.

ಮೂರನೆಯದು ಎತ್ತರ. ಸೀಟಿನ ಅತಿ ತಗ್ಗಿನ ಜಾಗದಿಂದ ಗೇಟಿನ ಅಡಿಗೆ ಅಳೆದರೆ ಎಡಗೈ ಬದಿಗೆ 18 ಸೆಂ.ಮೀ., ಬಲಗೈ ಬದಿಗೆ 17. ಎಡಗೈ ಬಲಗೈಯ ಮೇಲಿನಿಂದ ಹಾಯುವುದರಿಂದ ಒಂದು ಸೆಂ.ಮೀ. ವ್ಯತ್ಯಾಸ ಬೇಕೇ ಬೇಕು. ಉಳಿದ ಮೂವರ ಎತ್ತರ 172ರಿಂದ 176. ಅವರಿಗೆ ಈ ಅಳತೆ ಸರಿ. 166ರ ಹುಡುಗಿಗೆ ಅಲಗು ಮುಳುಗಬೇಕಾದರೆ ಹಿಡಿ ಎದೆಯ ಮಟ್ಟಕ್ಕೆ ಬರಬೇಕಿತ್ತು. ಭುಜ ಎತ್ತಿ, ಮೊಣಕೈ ಅಗಲಿಸಿ ಎಳೆಯುತ್ತಿದ್ದಳು. ಪಕ್ಕೆಲುಬಿಗೆ ಅದೂ ಒಂದು ಹೊರೆ.

ನಾಲ್ಕನೆಯದು ಅವಳೇ ಮಾಡಿಕೊಂಡದ್ದು. ಉದ್ದದವರಷ್ಟು ದೂರಕ್ಕೆ ಚಾಚಬೇಕೆಂದು ಕಾಲುಹಲಗೆಯನ್ನು ಎರಡು ಹಲ್ಲು ಹಿಂತುದಿಯ ಕಡೆಗೆ ಸರಿಸಿದ್ದಳು. ಕ್ಯಾಚ್‌ನಲ್ಲಿ, ಅಂದರೆ ಅಲಗು ನೀರಿಗಿಳಿಯುವ ಕ್ಷಣದಲ್ಲಿ, ಹುಟ್ಟಿಗೆ ಕೋನ ಸಿಕ್ಕಿತು, ಫಿನಿಷ್‌ನಲ್ಲಿ ಹೋಯಿತು. ಎರಡು ಹಿಡಿಗಳೂ ಹೊಟ್ಟೆಯ ಮುಂದೆ ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದು, ಕೈ ಕೆಳಗೊತ್ತಿ ಅಲಗು ಎತ್ತಲು ಜಾಗವೇ ಇರಲಿಲ್ಲ. ಮೋಟಾರ್ ದೋಣಿಯಿಂದ ನೋಡುವ ಕೋಚ್‌ಗೆ ಇದು ಕಾಣುವುದು ಕಷ್ಟ. ಕಾಲುಹಲಗೆಯ ಹಲ್ಲಿನ ಸಂಖ್ಯೆ ಬರೆದಿಟ್ಟುಕೊಂಡಿದ್ದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಹೊಸ ಜೋಡಣೆ ಹೀಗಾಯಿತು. ಎರಡೂ ಬದಿಗೆ 4-4 ಬುಷ್. ಪ್ಲಾಸ್ಟಿಕ್ ವಾಷರ್‌ಗಳನ್ನು ಗೇಟಿನ ಕೆಳಗಿಂದ ಮೇಲಕ್ಕೆ ದಾಟಿಸಿ ಎತ್ತರ 17 ಮತ್ತು 16ಕ್ಕೆ. ಕಾಲುಹಲಗೆ ಹಳೆಯ ಜಾಗಕ್ಕೆ. ಹಾಗೆ ಮಾಡಿದರೆ ಕ್ಯಾಚ್‌ನ ಕೋನ ಕಮ್ಮಿಯಾಗುತ್ತದಲ್ಲ? ಅದಕ್ಕೆ ಅವಳ ಸೀಟಿನ ಸ್ಪ್ಯಾನ್ ಮಾತ್ರ 158ಕ್ಕೆ ಇಳಿಯಿತು, ಹುಟ್ಟಿನ ಒಳಭಾಗ, ಅಂದರೆ ಹಿಡಿಯ ತುದಿಯಿಂದ ಗೇಟಿಗೆ ಆತುಕೊಳ್ಳುವ ಕಾಲರ್‌ವರೆಗಿನ ಉದ್ದ, 88ರಿಂದ 87.5ಕ್ಕೆ. ಇಷ್ಟಕ್ಕೇ ಬಿಟ್ಟರೆ ಹುಟ್ಟು ಭಾರವಾಗುತ್ತದೆ. ಮೊದಲು ಒಟ್ಟು ಉದ್ದ 287, ಹೊರಭಾಗ 199. ಅದನ್ನು ಅರ್ಧ ಸ್ಪ್ಯಾನ್ 79.5ರಿಂದ ಭಾಗಿಸಿದರೆ 2.50. ಈಗ ಒಟ್ಟು ಉದ್ದವನ್ನು 285ಕ್ಕೆ ಇಳಿಸಿದರೆ ಹೊರಭಾಗ 197.5, ಅರ್ಧ ಸ್ಪ್ಯಾನ್ 79. ಭಾಗಿಸಿದರೆ ಮತ್ತೆ 2.50. ಹೊರೆ ಮೊದಲಿನಷ್ಟೇ, ಕೋನ ಹೆಚ್ಚು. ಶಾಲೆಗಳಲ್ಲಿ 'ಒಂದು ದೋಣಿ, ಒಂದೇ ಅಳತೆ' ಎಂಬ ಹಟ ಬಹಳ. ದೋಣಿಗೆ ಬೇಕಾದದ್ದು ಎಂಟೂ ಅಲಗು ಒಟ್ಟಿಗೆ ಇಳಿದು ಒಟ್ಟಿಗೆ ಏಳುವುದು; ಅದಕ್ಕೆ ಸೀಟಿನಿಂದ ಸೀಟಿಗೆ ಅಳತೆ ಬೇರೆಯಾಗಬೇಕಿದ್ದರೆ ಆಗಲಿ.

ಜೊತೆಗೆ ಶೂಗಳ ಹಿಮ್ಮಡಿ ದಾರವನ್ನೂ ನೋಡಿದರು. ಹಿಮ್ಮಡಿ 7 ಸೆಂ.ಮೀ.ಗಿಂತ ಮೇಲೇಳಬಾರದು, ದಾರ ಸಡಿಲವಿದ್ದರೆ ದೋಣಿ ಮಗುಚಿದಾಗ ಕಾಲು ಶೂನಲ್ಲೇ ಸಿಕ್ಕಿಕೊಳ್ಳುತ್ತದೆ. ಅವುಗಳಲ್ಲಿ ಒಂದು ದಾರ ತುಂಡಾಗಿತ್ತು.

ಮರಳಿ ನೀರಿಗೆ

ಮೊದಲ ಎರಡು ವಾರ ನಿಂತ ಸೈಕಲ್ ಮಾತ್ರ, ಅದೂ ಉಸಿರಾಟ ನೋಯದ ಮಟ್ಟಕ್ಕೆ. ಮೂರನೇ ವಾರದ ಕೊನೆಗೆ ಎರ್ಗ್, ಡ್ರ್ಯಾಗ್ 100, ಹತ್ತು ನಿಮಿಷ, ನಿಮಿಷಕ್ಕೆ 18. ಆವತ್ತು ನೋವಿಲ್ಲ, ಮರುದಿನ ಬೆಳಿಗ್ಗೆಯೂ ಇಲ್ಲ ಎಂದರೆ ಮಾತ್ರ ಐದು ನಿಮಿಷ ಹೆಚ್ಚು. ಐದನೇ ವಾರ ನೀರಿಗೆ. ಏಳನೇ ವಾರ ಪೂರ್ತಿ ಅಭ್ಯಾಸ. ಈ ನಡುವೆ ಫೆಬ್ರವರಿಯ ಸೀಟ್ ರೇಸ್ ಆಗಿಹೋಗಿತ್ತು. ಎರಡು ದೋಣಿ ಪಕ್ಕಪಕ್ಕ 1000 ಮೀಟರ್ ಓಡಿಸಿ, ಒಬ್ಬೊಬ್ಬರನ್ನೇ ಅದಲುಬದಲು ಮಾಡಿ, ಅಂತರ ಎಷ್ಟು ಬದಲಾಯಿತೆಂದು ನೋಡುವ ಆಯ್ಕೆ ಅದು. ಎರ್ಗ್ ಪಟ್ಟಿಯಲ್ಲಿ ಐದನೆಯವಳಾಗಿದ್ದ ಹುಡುಗಿ ಅಲ್ಲಿ ಮೂರನೆಯವಳ ಸೀಟು ಕಿತ್ತುಕೊಂಡಳು. ಎರಡನೇ ಸೀಟಿನ ನಿರ್ಧಾರವನ್ನು ಕೋಚ್ ಮಾರ್ಚ್‌ವರೆಗೆ ತಡೆಹಿಡಿದರು.

ಅವಳ ಹಳೆಯ ವಿಡಿಯೊವನ್ನು ಆಗ ಫ್ರೇಮ್ ಫ್ರೇಮ್ ಆಗಿ ನೋಡಿದರು. ಸೆಕೆಂಡಿಗೆ 60 ಫ್ರೇಮ್ ತೆಗೆಯುವ ಮಾಮೂಲಿ ಫೋನ್ ಸಾಕು, ದೋಣಿಗೆ ನೇರ ಪಕ್ಕದಿಂದ ಹಿಡಿದಿರಬೇಕು ಅಷ್ಟೆ. ಸ್ಟ್ರೋಕ್‌ನವಳ ಅಲಗು ಮುಳುಗಿದ ಆರು ಫ್ರೇಮ್ ನಂತರ ಇವಳದು ಮುಳುಗುತ್ತಿತ್ತು: 0.1 ಸೆಕೆಂಡ್. ಸೆಕೆಂಡಿಗೆ 4.2 ಮೀಟರ್ ಓಡುವ ದೋಣಿ ಅಷ್ಟರಲ್ಲಿ 40 ಸೆಂ.ಮೀ. ದಾಟಿರುತ್ತದೆ. ಆ 40 ಸೆಂ.ಮೀ. ಅವಳ ಕಾಲು ಒತ್ತುತ್ತಿತ್ತು, ಅಲಗು ಗಾಳಿಯಲ್ಲಿತ್ತು. ಎರ್ಗ್‌ನಲ್ಲಿ ಸರಪಳಿ ಯಾವಾಗಲೂ ಕೈಗೆ ಸಿಕ್ಕೇ ಇರುವುದರಿಂದ ಈ ದೋಷ ಅಲ್ಲಿ ಹುಟ್ಟುವುದೇ ಇಲ್ಲ.

ಕಸರತ್ತುಗಳು ಹಳೆಯವೇ. ಕೈ ಚಾಚಿ, ಮೈ ಮುಂದಕ್ಕೆ ಬಾಗಿಸಿ ಒಂದು ಕ್ಷಣ ನಿಂತು ಆಮೇಲೆ ಜಾರುವುದು: ಗುದ್ದುವ ಚಾಳಿ ಇದರಿಂದ ಹೋಗುತ್ತದೆ. ಮೊಣಕಾಲು ದಾಟುವಷ್ಟರಲ್ಲೇ ಅಲಗನ್ನು ನೆಟ್ಟಗೆ ತಿರುಗಿಸಿಟ್ಟುಕೊಳ್ಳುವುದು: ಕ್ಯಾಚ್‌ಗೆ ಬರುವಾಗ ಕೈಗೆ ಉಳಿಯುವುದು ಎತ್ತುವ ಕೆಲಸವೊಂದೇ. ಸೀಟು ಜಾರುವ ಹಳಿಯ ಕೊನೆಯ ನಾಲ್ಕನೇ ಒಂದು ಭಾಗದಲ್ಲಷ್ಟೇ ಚಿಕ್ಕ ಚಿಕ್ಕ ಹುಟ್ಟು ಹಾಕುವುದು. ಶೂನಿಂದ ಕಾಲು ಹೊರತೆಗೆದು ಹುಟ್ಟು ಹಾಕುವುದು. ಫಿನಿಷ್‌ನಲ್ಲಿ ಹೆಚ್ಚು ಹಿಂದಕ್ಕೆ ಬಿದ್ದರೆ ಕಾಲು ಹಲಗೆ ಬಿಟ್ಟು ಏಳುತ್ತದೆ, ತಪ್ಪನ್ನು ಯಾರೂ ಹೇಳಬೇಕಾಗಿಲ್ಲ. ಎರಡು ವಾರದಲ್ಲಿ ಆರು ಫ್ರೇಮ್ ಮೂರಕ್ಕೆ ಇಳಿಯಿತು.

ವಾರಗಟ್ಟಲೆ ಬಿಟ್ಟ ಅಂಗೈ ಮೆತ್ತಗಾಗಿತ್ತು, ಬೊಬ್ಬೆ ಎದ್ದವು. ಸೂಜಿಯನ್ನು ಶುದ್ಧ ಮಾಡಿ ಅಂಚಿನಲ್ಲಿ ಚುಚ್ಚಿ ನೀರು ತೆಗೆಯಬೇಕು, ಮೇಲಿನ ಚರ್ಮ ಕೀಳಬಾರದು. ಹುಟ್ಟಿನ ಹಿಡಿಯನ್ನು ವಾರಕ್ಕೊಮ್ಮೆ ಸೋಪಿನಿಂದ ತೊಳೆಯಬೇಕು. ಸೋಂಕು ಬರುವುದು ಹೆಚ್ಚಾಗಿ ಅಲ್ಲಿಂದಲೇ.

ಮಾರ್ಚ್ ಮೊದಲ ವಾರ ಕರಾಪಿರೊದಲ್ಲಿ ಮತ್ತೆ 500 ಮೀಟರ್ ಅಳೆದರು. ನಿಮಿಷಕ್ಕೆ 32ರಲ್ಲಿ 1:53: 60 ಹುಟ್ಟು, ಒಂದೊಂದಕ್ಕೆ 8.3 ಮೀಟರ್. ಡಿಸೆಂಬರ್‌ನಲ್ಲಿ 34ಕ್ಕೆ ಏರಿಸಿಯೂ ಬಾರದ ವೇಗ ಇದು. ಆ ವಾರ ಅವಳ ಎರ್ಗ್ 7:44, ಡಿಸೆಂಬರ್‌ಗಿಂತ ನಾಲ್ಕು ಸೆಕೆಂಡ್ ಕಳಪೆ. ಸೀಟು ಅವಳಿಗೇ ಸಿಕ್ಕಿತು.

ಟ್ವೈಜಲ್

ದೋಣಿಗಳು ಟ್ರೇಲರ್ ಮೇಲೆ ವೆಲ್ಲಿಂಗ್ಟನ್ನಿಗೆ, ಅಲ್ಲಿಂದ ಫೆರಿಯಲ್ಲಿ ಪಿಕ್ಟನ್ನಿಗೆ, ಮತ್ತೆ ರಸ್ತೆ. ಇಳಿಸಿದ ಮೇಲೆ ಬುಷ್, ಎತ್ತರ, ಸ್ಪ್ಯಾನ್ ಮತ್ತೊಮ್ಮೆ ಅಳೆದರು. ಟ್ವೈಜಲ್‌ನಲ್ಲಿ ಯಾವ ಹೊತ್ತಿಗೆ ವಾಯವ್ಯ ಗಾಳಿ ಎದ್ದೀತು ಎಂದು ಹೇಳಲಾಗದು. ಎದ್ದರೆ ಪಂದ್ಯಗಳು ನಿಲ್ಲುತ್ತವೆ, ವೇಳಾಪಟ್ಟಿ ಬುಡಮೇಲಾಗುತ್ತದೆ. ಹಾಗಾಗಿ ಊಟವನ್ನು ಒಂದೇ ಸಲ ತಿನ್ನದೆ, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಚಿತ್ರಾನ್ನ, ಬಾಳೆಹಣ್ಣು.

ಸೆಮಿಫೈನಲ್‌ನಲ್ಲಿ ಆಚೆಗೆ ಬಿದ್ದು ಬಿ ಫೈನಲ್‌ಗೆ (ಪದಕದ ಎ ಫೈನಲ್ ತಲುಪದವರ ಪಂದ್ಯ) ಬಂದರು. ಎದುರುಗಾಳಿ ಇದ್ದದ್ದರಿಂದ ಎಲ್ಲ ಹುಟ್ಟಿಗೂ ಒಂದೊಂದು ಕ್ಲ್ಯಾಮ್ ಹಾಕಿದರು. ಕಾಲರ್‌ಗೆ ಸಿಕ್ಕಿಸುವ ಈ ಪ್ಲಾಸ್ಟಿಕ್ ತುಣುಕು ಒಳಭಾಗವನ್ನು 1 ಸೆಂ.ಮೀ. ಹೆಚ್ಚಿಸಿ ಹೊರೆ ಇಳಿಸುತ್ತದೆ. ಶುರುವಿನಲ್ಲಿ ಮುಕ್ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಹುಟ್ಟು; ಮೊದಲ ಹತ್ತು ಹುಟ್ಟು ನಿಮಿಷಕ್ಕೆ 39ರ ಲಯದಲ್ಲಿ, ನಂತರ 31ಕ್ಕೆ ಇಳಿಸಿದರು. ಮೊದಲ 100 ಮೀಟರಿನೊಳಗೆ ಏನಾದರೂ ಮುರಿದರೆ ಕೈ ಎತ್ತಿ ಮರುಶುರು ಕೇಳಬಹುದು, ಕ್ರ್ಯಾಬ್‌ಗೆ ಆ ಅವಕಾಶವಿಲ್ಲ.

ಐನೂರು ಐನೂರರ ಸಮಯ: 1:53, 1:58, 2:00, 1:55. ಮೂರನೇ ಐನೂರು ಎಲ್ಲರಿಗೂ ಕೆಟ್ಟದ್ದೇ: ಶುರುವಿನ ಜೋರು ಆರಿರುತ್ತದೆ, ಕೊನೆ ಇನ್ನೂ ಕಾಣುವುದಿಲ್ಲ. ಹಿಂದೆ ಅಲ್ಲಿ ಕಾಕ್ಸ್ ಲಯ ಏರಿಸಲು ಕೂಗುತ್ತಿದ್ದಳು. ಈ ಸಲ ಹೇಳಿಕೊಟ್ಟಂತೆ ಲಯ 31ರಲ್ಲೇ ಬಿಟ್ಟು, ಕ್ಯಾಚ್‌ಗೆ ಹತ್ತು ಹುಟ್ಟು, ಕಾಲಿಗೆ ಹತ್ತು ಹುಟ್ಟು ಎಂದಷ್ಟೇ ಕರೆದಳು. ಕೊನೆಯ 250ರಲ್ಲಿ 35. ಒಟ್ಟು 7:46, ಬಿ ಫೈನಲ್‌ನಲ್ಲಿ ಮೂರನೆಯ ಸ್ಥಾನ. ಅದೇ ಗಾಳಿಯಲ್ಲಿ ಎ ಫೈನಲ್ ಗೆದ್ದವರು 7:27. ಅಂತರ ಶೇ. 4.3. ಕ್ರ್ಯಾಬ್ ಇಲ್ಲ.

ಪದಕ ಇಲ್ಲ ಎಂಬ ಬೇಸರ ಮಕ್ಕಳಿಗೆ ಇದ್ದೇ ಇತ್ತು. ಏಪ್ರಿಲ್ ಪೂರ್ತಿ ಹುಟ್ಟು ಮುಟ್ಟಬಾರದೆಂದು ವೈದ್ಯರು ಹೇಳಿದ್ದಾರೆ. ಮೇ ತಿಂಗಳಲ್ಲಿ ಫೆರಿಟಿನ್ ಮತ್ತೆ ನೋಡಬೇಕು. ಎರ್ಗ್ ಪಟ್ಟಿ ಗೋಡೆಯ ಮೇಲೆ ಇನ್ನೂ ಇದೆ, ಈಗ ಅದರಲ್ಲಿ ಡ್ರ್ಯಾಗ್ ಫ್ಯಾಕ್ಟರ್‌ಗೆ ಒಂದು ಕಾಲಂ ಸೇರಿದೆ. ರಜೆಯ ಎರ್ಗ್‌ಗೆ ವಾರಕ್ಕೆ ಮೂರು ಬಾರಿಯ ಮಿತಿ ಬಂದಿದೆ. ಉಳಿದಿರುವುದು ಆ ಮೂರು ಫ್ರೇಮ್. ಸೆಪ್ಟೆಂಬರ್‌ನಲ್ಲಿ ಅವಳನ್ನು ಒಬ್ಬಳದೇ ದೋಣಿಯಲ್ಲಿ ಕೂರಿಸಿ ಅದನ್ನು ತಿದ್ದುವ ಯೋಚನೆ ಕೋಚ್‌ಗಿದೆ. ಅಲ್ಲಿ ಅಲಗು ತಡವಾಗಿ ಇಳಿದರೆ ದೋಣಿ ಆಗಲೇ ವಾಲುತ್ತದೆ, ತಪ್ಪು ಮರೆಯಾಗಲು ಉಳಿದ ಮೂವರು ಇರುವುದಿಲ್ಲ.